ಹದ್ದಿನ ಕೆಳಗಿನ ಎರಡು ಸಿ

ಫೆಬ್ರವರಿ 19, ಸೋಮವಾರ

ಗಂಡನನ್ನು ಹೂತು ಬಂದು ಹನ್ನೊಂದು ದಿನ. ಫ್ರಿಜ್ಜಿನಲ್ಲಿ ಇನ್ನೂ ನಾಲ್ಕು ಪಾತ್ರೆ ಟ್ಯೂನಾ ಮೀನಿನ ಕ್ಯಾಸರೋಲ್ ಇವೆ. ಕಾರ್ಸನ್ ಸಿಟಿಯಲ್ಲಿ ಒಬ್ಬರು ಸತ್ತರೆ ಉಳಿದವರನ್ನೂ ಟ್ಯೂನಾ ತಿನ್ನಿಸಿ ಹಿಂದೆಯೇ ಕಳಿಸಿಬಿಡೋಣ ಎಂದು ಚರ್ಚಿನ ಹೆಂಗಸರು ತೀರ್ಮಾನ ಮಾಡಿದಂತಿದೆ.

ತಂಗಿ ಡಾರ್ಲಾ ನಿನ್ನೆ ಟೂಸಾನ್‌ಗೆ ವಾಪಸ್ ಹೋದಳು. ಹೋಗುವಾಗ ಎರಡು ವಸ್ತು ಬಿಟ್ಟುಹೋಗಿದ್ದಾಳೆ. ಒಂದು ಈ ನೋಟುಬುಕ್ಕು, ದುಃಖವನ್ನೆಲ್ಲ ಬರೆದಿಡಬೇಕಂತೆ. ಇನ್ನೊಂದು ಇಟ್ಟಿಗೆ ಗಾತ್ರದ ಟಿಶ್ಯೂ ಡಬ್ಬಿ. "ಅಳು ಬಂದ್ರೆ ಅತ್ಬಿಡು ಆರ್ಡಿತ್, ತಡ್ಕೋಬೇಡ" ಅಂದಳು. ತಡೆದುಕೊಳ್ಳಲು ಅಳು ಬರಬೇಕಲ್ಲ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ.

ನಲವತ್ತೊಂದು ವರ್ಷ ಸಂಸಾರ ಮಾಡಿ ಆ ಮನುಷ್ಯ ಒಂದು ಬೆಳಿಗ್ಗೆ ಅಂಗಳದ ಹಿಮ ಬಾಚುತ್ತ ಬಾಚುತ್ತ ಬಿದ್ದ. ಅರ್ಧ ದಾರಿ ಬಾಚಿದ್ದ. ಇನ್ನರ್ಧ ನಾನೇ ಬಾಚಿದೆ. ಯಾವ ಕೆಲಸವನ್ನೂ ಪೂರ್ತಿ ಮಾಡಿ ಗೊತ್ತಿಲ್ಲದವನು ಸಾಯುವಾಗ ಮಾತ್ರ ಹೇಗೆ ಬದಲಾದಾನು?

ಬಿಟ್ಟುಹೋದದ್ದು ಏನು ಅಂದರೆ, ಕ್ಯಾಸಿನೊಗಳ ಜೂಜಿನ ಯಂತ್ರ ರಿಪೇರಿ ಮಾಡುತ್ತಿದ್ದ ಕಾಲದ ಸ್ಕ್ರೂಡ್ರೈವರುಗಳು ಮತ್ತು ಮನೆ ತುಂಬ ಹಳೆಯ ಬೆಳ್ಳಿ ಡಾಲರುಗಳು. ಮೇಜಿನ ಮೇಲೆ, ಕಿಟಕಿಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ. ಎಲ್ಲವೂ ಹದ್ದಿನ ಬದಿ ಮೇಲೆ. ಮನುಷ್ಯರಾದವರು ನಾಣ್ಯ ಇಡುವಾಗ ಮುಖ ಮೇಲೆ ಮಾಡಿ ಇಡುತ್ತಾರೆ. ಈ ನಾಣ್ಯ ಕೂಡಿಡುವವರದು ಬೆನ್ನು ನೋಡುವ ಜಾತಿ. ಯಾವ ಟಂಕಸಾಲೆಯಲ್ಲಿ ಅಚ್ಚಾಯಿತು ಎಂದು ಹೇಳುವ ಗಸಗಸೆ ಕಾಳಿನಷ್ಟು ಅಕ್ಷರ ಆ ಹದ್ದಿನ ಕೆಳಗಿರುತ್ತದಂತೆ. ಆ ಕಾಳಿನ ಮೇಲೆಯೇ ಇವರ ಬದುಕು.

ಅದರಲ್ಲೊಂದು ನಾಣ್ಯ ಮಾತ್ರ ನನಗೆ ಬೇಕಾದ್ದು. 1889ರದು, ಹದ್ದಿನ ಕೆಳಗೆ ಎರಡು ಸಿ. ಅಂದರೆ ನಮ್ಮೂರಿನ, ಕಾರ್ಸನ್ ಸಿಟಿಯ ಟಂಕಸಾಲೆಯದು. ಆ ವರ್ಷ ಇಲ್ಲಿ ಹೊಡೆದದ್ದೇ ಕಡಿಮೆ, ಹೊಡೆದದ್ದರಲ್ಲೂ ಬಹಳಷ್ಟು ಕರಗಿಸಿಬಿಟ್ಟರಂತೆ. ಮೂವತ್ತೊಂದು ವರ್ಷದ ಹಿಂದೆ ಆ ಮನುಷ್ಯ ತನ್ನ ಮೀನು ಹಿಡಿಯುವ ದೋಣಿ ಕೊಟ್ಟು ಅದನ್ನು ತಂದ. ದೋಣಿ ತೊಲಗಿತಲ್ಲ ಎಂದು ನಾನು ಅವತ್ತು ಕೇಕ್ ಮಾಡಿದ್ದೆ. ನಾಣ್ಯದ ಬಗ್ಗೆ ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಕೂಡ ಕೇಳಿಲ್ಲ. ಇದು ನನ್ನ ಹೆಮ್ಮೆಯ ವಿಷಯ.

ಅಂಥದ್ದು ಹತ್ತು ಸಾವಿರ ಡಾಲರಿಗೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಮಾರುವುದು, ಮೇ ತಿಂಗಳಲ್ಲಿ ಟೂಸಾನ್‌ಗೆ ಹೋಗುವುದು. ಡಾರ್ಲಾಳ ಪಕ್ಕದ ಮನೆ ಬಾಡಿಗೆಗಿದೆ, ಎದುರಿಗೇ ಈಜುಕೊಳ. ಅಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿ ಯಾರೂ ನಾಣ್ಯದ ಬೆನ್ನು ನೋಡುವುದಿಲ್ಲ.

ಫೆಬ್ರವರಿ 28, ಬುಧವಾರ

ಬರ್ನಿ ಲಾರಾಲ್ಡೆ ಬಂದಿದ್ದ. ನಾಣ್ಯ ಸಂಘದ ಅಧ್ಯಕ್ಷ. ಸಂಘ ಅಂದರೆ ಒಂಬತ್ತು ಜನ, ಸರಾಸರಿ ವಯಸ್ಸು ಎಪ್ಪತ್ತಾರು. ತಿಂಗಳ ನಾಲ್ಕನೇ ಮಂಗಳವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಒಬ್ಬರ ನಾಣ್ಯ ಒಬ್ಬರಿಗೆ ತೋರಿಸಿ ಡೋನಟ್ ತಿಂದು ಏಳುತ್ತಾರೆ. ನನ್ನ ಪ್ರಕಾರ ಡೋನಟ್ಟೇ ಮುಖ್ಯ.

ಬರ್ನಿಗೆ ಟ್ಯೂನಾ ಬಡಿಸಿದೆ. ಅವನು ಕುರಿ ಸಾಕುವ ಬಾಸ್ಕ್ ಮನೆತನದವನು, ಏನು ಕೊಟ್ಟರೂ ತಿನ್ನುತ್ತಾನೆ. ಏಪ್ರಿಲ್ 23ರ ಸಭೆಯನ್ನು ಆ ಮನುಷ್ಯನ ನೆನಪಿಗೆ ಇಟ್ಟಿದ್ದಾರಂತೆ. ಪ್ರತಿಯೊಬ್ಬರೂ ಒಂದೊಂದು ಡಾಲರ್ ತರುವುದು, ನಾನು ಆ '89 ಕಾರ್ಸನ್ ತರುವುದು, ಅದು ಕೊನೆಯ ಸಲ ಎಲ್ಲರ ಕೈ ಸುತ್ತುವುದು. ಹೇಳುವಾಗ ತಟ್ಟೆ ನೋಡುತ್ತಿದ್ದ, ನನ್ನನ್ನು ನೋಡಲಿಲ್ಲ. ನಾಚಿಕೆಯಿರಬೇಕು.

ಆಗಲಿ ಅಂದೆ. ಖರ್ಚಿಲ್ಲದೆ ಜಾಹೀರಾತು ಆಗುತ್ತದೆ, ಯಾಕೆ ಬೇಡ?

ಮಾರ್ಚ್ 5, ಮಂಗಳವಾರ

ರೀನೋಗೆ ಹೋಗಿದ್ದೆ. ಅಡವಿನಂಗಡಿಯ ಪಕ್ಕದಲ್ಲಿ ಟರ್ಹ್ಯೂನ್ ಎಂಬವನ ನಾಣ್ಯದಂಗಡಿ. ಹಸಿರು ಕೋಟು, ತೆಳ್ಳಗಿನ ಮೀಸೆ, ಹೆಣ ಹೂಳುವ ಅಂಗಡಿಯವನ ಹಾಗೆ ಮೆದು ದನಿ. ಕಳೆದ ತಿಂಗಳು ಅಂಥವರನ್ನು ಸಾಕಷ್ಟು ನೋಡಿದ್ದೇನೆ, ಹಾಗಾಗಿ ಗುರುತು ಹತ್ತಿತು.

ಎರಡು ಬದಿಗೂ ಪ್ಲಾಸ್ಟಿಕ್ ಕಿಂಡಿಯಿರುವ, ಮಡಿಸಿ ಪಿನ್ನು ಹೊಡೆದ ರಟ್ಟಿನ ಚೌಕದಲ್ಲಿದ್ದ ನಾಣ್ಯವನ್ನು ಭೂತಕನ್ನಡಿ ಹಿಡಿದು ನೋಡಿದ. ತಿರುಗಿಸಿ ನೋಡಿದ. ಮೇಜಿನ ಮೇಲಿಟ್ಟು, ದಾರಿಯಲ್ಲಿ ಗಾಳಿ ಜೋರಿತ್ತೇ ಎಂದು ವಿಚಾರಿಸಿದ. ಇತ್ತು ಅಂದೆ. ವಾಶೋ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಯಾವಾಗಲೂ ಹಾಗೇ ಎಂದ. ನಾನು ಕಾದೆ. ಅವನೂ ಕಾದ.

"ಹೇಗಿದೆ ಅಂತ ಕೇಳ್ತಾ ಇದೀರಾ, ಮೇಡಂ?" ಎಂದ ಕೊನೆಗೆ.

"ಇಲ್ಲಪ್ಪ, ಗಾಳಿ ವಿಷಯ ಮಾತಾಡೋಣ ಅಂತ ಮೂವತ್ತು ಮೈಲಿ ಬಂದೆ."

"ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಇನ್ನೊಬ್ಬರ ನಾಣ್ಯದ ಬಗ್ಗೆ ಅವರಾಗಿ ಕೇಳದೆ ನಾವು ಬಾಯಿ ಬಿಡಲ್ಲ. ಅದೊಂದು ಪದ್ಧತಿ."

ಎಂಥ ಪದ್ಧತಿಯೋ. ಸರಿ, ಹೇಗಿದೆ, ಎಂದು ಕೇಳಿದೆ.

"ನಾಣ್ಯ ಅಸಲಿ. ಅಕ್ಷರ ಆಮೇಲೆ ಬಂದಿದೆ."

ನನ್ನ ಕೈಗೆ ಭೂತಕನ್ನಡಿ ಕೊಟ್ಟು ತೋರಿಸಿದ. ಅಕ್ಷರ ನಾಣ್ಯದ ಜೊತೆಗೇ ಅಚ್ಚಾಗುವುದರಿಂದ ಬೆಳ್ಳಿಯೊಳಗಿಂದ ಎದ್ದು ಬಂದಿರಬೇಕು, ಮೇಲೆ ಹತ್ತಿ ಕೂತಿರಬಾರದು. ಇದರಲ್ಲಿ ಎರಡು ಸಿಗಳ ಸುತ್ತ ಕೂದಲಿಗಿಂತ ಸಣ್ಣ ಕಪ್ಪು ಗೆರೆ. ಯಾರೋ ಪುಣ್ಯಾತ್ಮರು ಸವೆದ ಇನ್ನೊಂದು ಕಾರ್ಸನ್ ಡಾಲರಿನಿಂದ ಅಕ್ಷರ ಹೆರೆದು ಇದಕ್ಕೆ ಅಂಟಿಸಿದ್ದಾರೆ. ಮೊದಲು ಇದಕ್ಕೆ ಅಕ್ಷರವೇ ಇರಲಿಲ್ಲ. ಅಕ್ಷರವಿಲ್ಲದ್ದು ಫಿಲಡೆಲ್ಫಿಯಾದ್ದಂತೆ. ದೊಡ್ಡ ಮನೆಯವರು, ಬಾಗಿಲಿಗೆ ಹೆಸರು ಹಾಕಿಕೊಳ್ಳುವುದಿಲ್ಲ. ಅಲ್ಲಿ ಆ ವರ್ಷ ಎರಡು ಕೋಟಿಗೂ ಹೆಚ್ಚು ಹೊಡೆದು ರಾಶಿ ಹಾಕಿದ್ದರು.

ಎರಡು ಸಿ ಇದ್ದರೆ ಹತ್ತು ಸಾವಿರ. ಇಲ್ಲದಿದ್ದರೆ ನಲವತ್ತು. ನಂಬಿಕೆಯಿಲ್ಲದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಮುಳುಗಿಸಿ ನೋಡಿ, ಬೆಳ್ಳಿಗೆ ಏನೂ ಆಗುವುದಿಲ್ಲ, ಅಂಟಿದ್ದರೆ ಬಿಡುತ್ತದೆ ಎಂದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಮಾರ್ಚ್ 6, ಬುಧವಾರ

ನಲವತ್ತು ಡಾಲರ್. ಆ ದೋಣಿಗೆ ಮೋಟಾರ್ ಕೂಡ ಇತ್ತು.

ಮಾರ್ಚ್ 9, ಶನಿವಾರ

ಹಸಿರು ಕೋಟಿನವನ ಮಾತು ನಂಬುವುದು ಯಾಕೆ ಎಂದು ಅಂಗಡಿಯಿಂದ ಅಸಿಟೋನ್ ತಂದೆ, ಉಗುರುಬಣ್ಣ ತೆಗೆಯುವಂಥದ್ದು, ಬಣ್ಣ ವಾಸನೆ ಬೆರೆಸದ್ದು. ರಟ್ಟಿನ ಚೌಕದ ಒಂದು ಬದಿಯ ಪಿನ್ನು ಕಿತ್ತು ನಾಣ್ಯ ಜಾರಿಸಿಕೊಂಡೆ. ಜಾಮ್ ಬಾಟಲಿಗೆ ಹಾಕಿ ಮುಚ್ಚಿ, ಪದಬಂಧ ಬಿಡಿಸುತ್ತ ಕೂತೆ. ಆರನೇ ಶಬ್ದ ಸಿಗುವ ಹೊತ್ತಿಗೆ ಬಾಟಲಿಯ ತಳದಲ್ಲಿ ಎರಡು ಚುಕ್ಕಿ ಬಿದ್ದಿದ್ದವು.

ಮೊದಲು ನಗು ಬಂತು. ಮೂವತ್ತೊಂದು ವರ್ಷ! ತಿಂಗಳಿಗೊಮ್ಮೆ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು, ಜೇಬಿನಲ್ಲಿ ಅಂಟು ಹಾಕಿದ ನಲವತ್ತು ಡಾಲರ್ ಇಟ್ಟುಕೊಂಡು, ಮಹಾರಾಜನ ಹಾಗೆ ಹೊರಡುತ್ತಿದ್ದ. ಸಂಘದವರಿಗೆ ಈಗಲೇ ಫೋನ್ ಮಾಡಿ ಹೇಳಿಬಿಡೋಣ, ಏಪ್ರಿಲ್‌ವರೆಗೂ ನಗುತ್ತಿರಲಿ ಎಂದು ಬರ್ನಿಯ ನಂಬರ್ ಒತ್ತಿದೆ. ಅವನು ಹಲೋ ಅಂದ. ನಾನು ಫೋನ್ ಇಟ್ಟುಬಿಟ್ಟೆ.

ಯಾಕೆಂದರೆ ಆ ಒಂಬತ್ತು ಮುದುಕರು ನೆಲಮಾಳಿಗೆಯಲ್ಲಿ ಹೊಟ್ಟೆ ಹಿಡಿದು ನಗುವುದು ಕಣ್ಣಿಗೆ ಬಂತು. ನನಗೆ ಅದನ್ನು ಸಹಿಸಲಾಗಲಿಲ್ಲ. ಆ ಮನುಷ್ಯನನ್ನು ನೋಡಿ ನಗುವ ಹಕ್ಕು ನನ್ನದು. ನಲವತ್ತೊಂದು ವರ್ಷ ಅವನ ಸಾಕ್ಸ್ ಒಗೆದು ಸಂಪಾದಿಸಿದ್ದು. ಅದನ್ನು ಬೇರೆಯವರಿಗೆ ಹಂಚಲು ನಾನು ತಯಾರಿಲ್ಲ.

ಎರಡು ಸಿಗಳನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿ, ವಾರಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿಯಲ್ಲಿಟ್ಟಿದ್ದೇನೆ. ಮಂಗಳವಾರದ ಖಾನೆಯಲ್ಲಿ.

ಮಾರ್ಚ್ 14, ಗುರುವಾರ

ನಾಣ್ಯ ಬ್ಯಾಂಕಿನ ಲಾಕರಿನಲ್ಲಿದೆ, ತರಲಾಗುವುದಿಲ್ಲ ಎಂದು ಬರ್ನಿಗೆ ಹೇಳಿದೆ. ಯಾವ ಬ್ಯಾಂಕು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಬೀಗದ ಕೈ ಕಳೆದಿದೆ ಅಂದೆ. ಹುಡುಕಿಕೊಡಲು ಸಂಘದವರನ್ನೆಲ್ಲ ಕಳಿಸುತ್ತೇನೆ ಎಂದ. ಸಿಕ್ಕಿತು ಅಂದೆ. ಮಾತಾಡುತ್ತಾ ಮಾತಾಡುತ್ತಾ ಮತ್ತೆ ಹೊರಟಲ್ಲಿಗೇ ಬಂದು ನಿಂತೆ. ತರಲೇಬೇಕು.

ಅವತ್ತು ಅವರು ಏನಾದರೂ ಕೇಳಿದರೆ ತಬ್ಬಿಬ್ಬಾಗಬಾರದು ಎಂದು ಆ ಮನುಷ್ಯನ, ವೆಂಡೆಲ್‌ನ, ನಾಣ್ಯದ ಬೆಲೆಪುಸ್ತಕ ಓದಲು ಶುರು ಮಾಡಿದ್ದೇನೆ. ಪುಟದ ಅಂಚಿನಲ್ಲೆಲ್ಲ ಕಾಫಿ ಕಲೆ. ಸಿಸಿ ನಮ್ಮದು, ಎಸ್ ಸ್ಯಾನ್ ಫ್ರಾನ್ಸಿಸ್ಕೊ, ಓ ನ್ಯೂ ಆರ್ಲಿಯನ್ಸ್. ಒಂದು ವಿಚಿತ್ರ ನೋಡಿ: 1884ರ ಎಸ್ ಡಾಲರ್ ಜೇಬಿನಲ್ಲಿ ಓಡಾಡಿ ಸವೆದಿದ್ದರೆ ಯಾರೂ ಮೂಸುವುದಿಲ್ಲ, ಅದೇ ಯಾರ ಕೈಗೂ ಹೋಗದೆ ಹೊಸದಾಗೇ ಉಳಿದಿದ್ದರೆ ಅದರ ಬೆಲೆಗೆ ಒಂದು ಮನೆ ಬರುತ್ತದೆ. ಅರವತ್ತೇಳು ವರ್ಷದ ಹೆಂಗಸಿನ ಎದುರು ಇಂಥ ಬೆಲೆಪಟ್ಟಿ ಇಡಬಾರದು.

ನಲವತ್ತು ಪುಟ ಆಯಿತು. ಸುಮ್ಮನೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ.

ಮಾರ್ಚ್ 28, ಗುರುವಾರ

ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ತಿರುಗಿಸಿ ತಿರುಗಿಸಿ ನೋಡುತ್ತ ನಿಂತದ್ದಕ್ಕೆ ಹಿಂದಿದ್ದವನು ಗೊಣಗಿದ. ಅಷ್ಟು ಅವಸರವಿದ್ದರೆ ಬಾಗಿಲ ಬಳಿಯ ಜೂಜಿನ ಯಂತ್ರದಲ್ಲಿ ದುಡ್ಡು ಕಳೆದುಕೊಳ್ಳಲು ಹೋಗಪ್ಪ ಅಂದೆ. ಎರಡು ನಾಣ್ಯಕ್ಕೆ ಡಿ, ಮೂರಕ್ಕೆ ಪಿ, ಈಗಿನ ಟಂಕಸಾಲೆಗಳ ಅಕ್ಷರ. ವಿಶೇಷವೇನಿಲ್ಲ.

ಏಪ್ರಿಲ್ 3, ಬುಧವಾರ

ಡಾರ್ಲಾ ಫೋನು. ಈಜುಕೊಳದ ಮನೆಗೆ ಮುಂಗಡ ಕೊಡಬೇಕಂತೆ, ಇನ್ನೊಬ್ಬರು ನೋಡಿಕೊಂಡು ಹೋಗಿದ್ದಾರಂತೆ. ಹಣ ಇಲ್ಲ ಅನ್ನುವುದು ಹೇಗೆ? ನಾಣ್ಯ ಸುಳ್ಳು ಎಂದು ತಂಗಿಗೂ ಹೇಳಲಾರೆ, ಅವಳ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ. ಏಪ್ರಿಲ್ ಮುಗಿಯಲಿ, ವೆಂಡೆಲ್‌ನ ಸಭೆ ಇದೆ ಅಂದೆ.

"ನೀನ್ಯಾವಾಗಿಂದ ಆ ಸಭೆಗೆಲ್ಲಾ ತಲೆ ಕೆಡಿಸ್ಕೊಳ್ಳೋಕೆ ಶುರು ಮಾಡಿದೆ?" ಎಂದಳು.

ಪಕ್ಕದ ಗುಡ್ಡದಿಂದ ಕಾಡುಕುದುರೆಗಳು ಇಳಿದು ಅಂಗಳದ ಟ್ಯೂಲಿಪ್ ತಿನ್ನುತ್ತಿದ್ದವು. ಓಡಿಸಬೇಕು ಎಂದು ಹೇಳಿ ಫೋನಿಟ್ಟೆ. ಓಡಿಸಲಿಲ್ಲ.

ಏಪ್ರಿಲ್ 12, ಶುಕ್ರವಾರ

ಅಂಟಿಸುವ ದಿನ. ಅಂಟಿದ ಸುಳ್ಳನ್ನು ಕಿತ್ತವಳು ನಾನೇ, ಮತ್ತೆ ಅಂಟಿಸುವವಳೂ ನಾನೇ.

ಅಡುಗೆಮನೆ ಮೇಜಿಗೆ ಬಿಳಿ ಟವೆಲ್ ಹಾಸಿ, ವೆಂಡೆಲ್‌ನ ಭೂತಕನ್ನಡಿ ಎಡಗಣ್ಣಿಗೆ ಸಿಕ್ಕಿಸಿ, ಹುಬ್ಬು ಕೀಳುವ ಚಿಮುಟ ಹಿಡಿದು ಕೂತೆ. ಮೊದಲ ಸಿ ಹೆಬ್ಬೆರಳಿಗೆ ಅಂಟಿತು. ಅದನ್ನು ಬಿಡಿಸುವಾಗ ಚಿಮುಟ ಟವೆಲ್ಲಿಗೆ ಅಂಟಿತು. ಉಸಿರು ಬಿಟ್ಟರೆ ಸಿ ಹಾರುತ್ತದೆ ಎಂದು ಉಸಿರು ಹಿಡಿದೆ, ತಲೆ ಸುತ್ತಿತು. ಮಧ್ಯಾಹ್ನದ ಗಾಳಿ ಎದ್ದು ಮನೆ ಅಲ್ಲಾಡಿದಾಗ ಎರಡನೆಯದು ನೆಲಕ್ಕೆ ಬಿತ್ತು. ಮುಕ್ಕಾಲು ಗಂಟೆ ಮೊಣಕಾಲೂರಿ ಹುಡುಕಿದೆ. ಮೊಣಕಾಲೂರಿ ಚರ್ಚಿನಲ್ಲೂ ಅಷ್ಟು ಹೊತ್ತು ಕೂತವಳಲ್ಲ. ಸಿಕ್ಕಿತು, ತೊಳೆದೆ, ಕೂರಿಸಿದೆ.

ದೂರದಿಂದ ನೋಡಿದರೆ ಅಸಲಿಯೇ. ಹಳೆಯ ರಟ್ಟಿನ ಚೌಕಕ್ಕೆ ಜಾರಿಸಿ ಪಿನ್ನು ಹೊಡೆದೆ.

ಹೇಳಬೇಕೆಂದರೆ ನಾಣ್ಯ ಚೆನ್ನಾಗಿದೆ. ಹದ್ದಿನ ಎದೆಯ ಗರಿಗಳು ಇನ್ನೂ ಒಂದೊಂದಾಗಿ ಎಣಿಸುವಂತಿವೆ. ಅಕ್ಷರ ಇರಲಿ ಬಿಡಲಿ, ಅದನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದಾನೆ.

ಏಪ್ರಿಲ್ 23, ಮಂಗಳವಾರ

ಈಗಷ್ಟೇ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೆಲಮಾಳಿಗೆಯಲ್ಲಿ ಉದ್ದ ಮೇಜು, ಒಂಬತ್ತು ಕುರ್ಚಿ, ಹತ್ತನೆಯದು ಖಾಲಿ. ಅದರಲ್ಲೇ ನನ್ನನ್ನು ಕೂರಿಸಿದರು. ಎದುರಿಗೆ ಬ್ಯೂಲಾ ಸ್ಟಕ್ಕಿ, ಎಂಬತ್ತೆಂಟು ವರ್ಷ, ಕಿವಿ ಮಂದ, ಕಣ್ಣು ಗಿಡುಗನದು. ವೆಂಡೆಲ್ ಬಗ್ಗೆ ಬರ್ನಿ ಎರಡು ಮಾತಾಡಿದ, ಮೂರನೆಯದರ ಬದಲು ಡೋನಟ್ ತಗೊಂಡ. ಆಮೇಲೆ ನಾಣ್ಯ ಸುತ್ತಿಸುವ ಕಾರ್ಯಕ್ರಮ.

ಬರ್ನಿ ತನ್ನದನ್ನು ಕೊಟ್ಟು, ಹೇಗಿದೆ ಎಂದು ಕೇಳಿದ. ಎಲ್ಲರೂ ಮುಗಿಬಿದ್ದರು. ತಿಕ್ಕಿ ತೊಳೆದು ಹಾಳು ಮಾಡಿದ್ದೀಯ ಎಂದರು, ಕುರಿ ಮಾಡಿದ ಕೆಲಸ ಎಂದರು. ಬ್ಯೂಲಾ ತನ್ನದನ್ನು ಕೊಟ್ಟು ಕೇಳಿದಳು. ಅವಳಿಗೂ ಸಾಕಷ್ಟು ಪೂಜೆಯಾಯಿತು.

ನಾನು ನನ್ನದನ್ನು ಕೊಟ್ಟೆ. ಏನೂ ಕೇಳಲಿಲ್ಲ.

ನಾಣ್ಯ ಒಂಬತ್ತು ಕೈ ಸುತ್ತಿತು. ಒಬ್ಬೊಬ್ಬರೂ ಹದ್ದಿನ ಬದಿ ಮಾಡಿ, ಭೂತಕನ್ನಡಿ ಹಚ್ಚಿ, ನೋಡಬೇಕಾದಷ್ಟು ನೋಡಿ, ಪಕ್ಕದವರಿಗೆ ದಾಟಿಸಿದರು. ಯಾರೂ ಒಂದು ಮಾತಾಡಲಿಲ್ಲ. ಬರ್ನಿ ಕರವಸ್ತ್ರ ಬಾಯಿಗೆ ಒತ್ತಿಕೊಂಡ. ಬ್ಯೂಲಾ ಬಹಳ ಹೊತ್ತು ನೋಡಿದಳು, ನಾಣ್ಯವನ್ನೂ, ನನ್ನನ್ನೂ.

ಆಗ ನನಗೆ ಹೊಳೆಯಿತು. ಹೋದ ತಿಂಗಳು ನಾನು ರೀನೋದಲ್ಲಿ ಒಂದೇ ಸಲ ನೋಡಿ ಕಂಡ ಕಪ್ಪು ಗೆರೆ, ಇಡೀ ಆಯುಷ್ಯ ಬೆನ್ನು ನೋಡುತ್ತಲೇ ಕಳೆದ ಇವರಿಗೆ ಕಾಣದೆ ಹೋಗುತ್ತದೆಯೇ? ಇವರು ಸುಮ್ಮನಿರುವುದು ನಾನು ಕೇಳಲಿಲ್ಲ ಅಂತ. ವೆಂಡೆಲ್ ಕೇಳಲಿಲ್ಲ ಅಂತ.

ಜೇಬಿಗೆ ಹಾಕಿಕೊಂಡು ಎದ್ದು ಬರಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ, ಟಾಟಾ ಮಾಡಿ ಕಳಿಸುತ್ತಿದ್ದರು. ಅವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವರೆಲ್ಲರ ಮುಖ ನೋಡಿದರೆ ಆ ಮರ್ಯಾದೆಯನ್ನು ಕಾಯುತ್ತಿರುವವಳು ನಾನೊಬ್ಬಳೇ ಅಲ್ಲ ಅನ್ನಿಸಿತು.

"ಹೇಗಿದೆ?" ಎಂದು ಕೇಳಿದೆ.

ಬ್ಯೂಲಾ ಭೂತಕನ್ನಡಿ ಕೆಳಗಿಟ್ಟಳು.

"ಮಗಳೇ, ಎರಡನೇ ಸಿ ಹಿಂದುಮುಂದಾಗಿದೆ" ಎಂದಳು ಬ್ಯೂಲಾ.

"ವೆಂಡೆಲ್ ನೆಟ್ಟಗೆ ಅಂಟಿಸಿದ್ದ" ಎಂದ ಬರ್ನಿ.

ಆಮೇಲಿನದನ್ನು ನಗು ಅನ್ನುವುದು ಕಡಿಮೆಯಾಯಿತು. ಎಂಬತ್ತೆಂಟು ವರ್ಷದವಳು ಮೇಜು ಗುದ್ದಿದಳು. ನಾನೂ ನಕ್ಕೆ, ಪಕ್ಕೆ ಹಿಡಿಯುವಷ್ಟು. ಬರ್ನಿ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದು ಇಷ್ಟು: ಅವನು ನಾಣ್ಯ ತಂದ ಮೊದಲ ಮಂಗಳವಾರವೇ ಎಲ್ಲರಿಗೂ ಗೊತ್ತಾಗಿತ್ತು. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಒಂಬತ್ತು ವರ್ಷದ ಹಿಂದೆ ಸಭೆಯ ನಡುವೆ ನಾಣ್ಯವನ್ನು ಚೌಕದಿಂದ ಜಾರಿಸಿದಾಗ ಒಂದು ಸಿ ಕಳಚಿ ಅವನ ಕಾಫಿಗೆ ಬಿದ್ದಿತಂತೆ. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಚಾವಣಿ ನೋಡಿದರಂತೆ. ವೆಂಡೆಲ್ ಕಪ್ಪು ಹಿಡಿದುಕೊಂಡು ಮೆಲ್ಲಗೆ ಶೌಚಾಲಯಕ್ಕೆ ಹೋದನಂತೆ. ಮುಂದಿನ ತಿಂಗಳು ಸಿ ಮತ್ತೆ ಅದರ ಜಾಗದಲ್ಲಿತ್ತಂತೆ.

"ಅವನಿಗೆ ಗೊತ್ತು ಅಂತ ನಮಗೆ ಗೊತ್ತಿತ್ತು" ಎಂದ ಬರ್ನಿ. "ನಮಗೆ ಗೊತ್ತು ಅಂತ ಅವನಿಗೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದೋಳು ನೀನೊಬ್ಬಳೇ ಅಂದ್ಕೊಂಡಿದ್ವಿ. ನಿನಗೆ ಹೇಳೋದು ಹೇಗೆ ಅಂತ ಎರಡು ತಿಂಗಳಿಂದ ನಿದ್ದೆ ಇಲ್ಲ ನನಗೆ."

ಹೊರಡುವಾಗ ಬ್ಯೂಲಾ ನನ್ನ ಮೊಣಕೈ ಹಿಡಿದು, ರಟ್ಟಿನ ಚೌಕದ ಪಿನ್ನಿಗೆ ತುಕ್ಕು ಹಿಡಿದಿದೆ, ಬೆಳ್ಳಿಗೆ ತಾಗಿದರೆ ಕಲೆಯಾಗುತ್ತದೆ, ಹೊಸದಕ್ಕೆ ಹಾಕು ಎಂದಳು. ನಲವತ್ತು ಡಾಲರಿನದಕ್ಕೂ ಅಷ್ಟು ಕಾಳಜಿ.

ಏಪ್ರಿಲ್ 24, ಬುಧವಾರ

ಬೆಳಿಗ್ಗೆಯೇ ಡಾರ್ಲಾಗೆ ಫೋನ್ ಮಾಡಿದೆ. ಈಜುಕೊಳದ ಮನೆ ಬೇರೆಯವರಿಗೆ ಕೊಡಲಿ, ಮೇ 28ಕ್ಕೆ ಡೋನಟ್ ತರುವ ಸರದಿ ನನ್ನದು, ಬ್ಯೂಲಾ ತನ್ನ '84 ಎಸ್ ತರುತ್ತಾಳಂತೆ, ಸವೆದದ್ದೇ, ಆದರೂ ನೋಡಬೇಕು ಅಂದೆ. ಏನಂದೆ, ಇನ್ನೊಮ್ಮೆ ಹೇಳು ಎಂದು ಅವಳು ಎರಡು ಸಲ ಕೇಳಿದಳು. ಫೋನ್ ಲೈನು ಸರಿಯಿರಲಿಲ್ಲವೇನೋ.

ಆಮೇಲೆ ವೆಂಡೆಲ್‌ನ ಪೆಟ್ಟಿಗೆಯಿಂದ ಹೊಸ ರಟ್ಟಿನ ಚೌಕ ತೆಗೆದು, ಹಳೆಯದರ ಪಿನ್ನುಗಳನ್ನೆಲ್ಲ ಕಿತ್ತೆ. ಹೋದ ಸಲ ಒಂದೇ ಬದಿ ಬಿಚ್ಚಿದ್ದೆ. ಇವತ್ತು ಪೂರ್ತಿ ಬಿಡಿಸಿದೆ. ಎರಡನೇ ಸಿ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಎರಡೂ ಈಗ ಮುಖಾಮುಖಿ ಕೂತಿವೆ.

ಹಳೆಯ ಚೌಕದ ಮಡಿಕೆಯ ಒಳಬದಿಯಲ್ಲಿ ಪೆನ್ಸಿಲಿನ ಬರಹ ಇತ್ತು. ಅವನ ಅಕ್ಷರ. ತಾರೀಖು ಅವನು ದೋಣಿ ಕೊಟ್ಟು ನಾಣ್ಯ ತಂದ ವಾರದ್ದೇ, ನಾನು ಕೇಕ್ ಮಾಡಿದ ವಾರದ್ದು.

'1889, ಫಿಲಡೆಲ್ಫಿಯಾ. ಸಿಸಿ ಅಂಟಿಸಿದ್ದು. ಆರ್ಡಿತ್ ಕೇಳಿದರೆ ಹೇಳಬೇಕು.'

ಮೂವತ್ತೊಂದು ವರ್ಷ.

ಮೇಜಿನ ಆ ಬದಿಯಲ್ಲಿ, ಅವನ ಕುರ್ಚಿಯ ಎದುರು, ನಾಣ್ಯ ಇಟ್ಟೆ. ಹದ್ದು ಮೇಲೆ. ಹೇಗಿದೆ, ವೆಂಡೆಲ್, ಎಂದು ಕೇಳಿದೆ. ಜೋರಾಗಿಯೇ ಕೇಳಿದೆ, ಮನೆಯಲ್ಲಿ ಬೇರೆ ಯಾರಿದ್ದಾರೆ.

ತಡ ಮಾಡಿದ್ದು ನಾನು, ಅವನನ್ನು ಬೈಯುವಂತಿಲ್ಲ. ಆದರೂ ಬೈದೆ, ಬಾಯಿಗೆ ಬಂದ ಹಾಗೆ. ಆಮೇಲೆ ಎದ್ದು ಹೋಗಿ ಡಾರ್ಲಾ ಇಟ್ಟುಹೋದ ಡಬ್ಬಿಯ ಪ್ಲಾಸ್ಟಿಕ್ ಕಿತ್ತೆ. ಅರ್ಧ ಡಬ್ಬಿ ಖಾಲಿಯಾಗಿದೆ.